ಹಿನ್ನೀರಿನ ದಂಡೆಯಲ್ಲಿ ಎರಡು ಸೈಕಲ್, ಎರಡು ದಿನ

(ಪರಿಸರ ಶಿಬಿರವೊಂದರಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಪರಿಸರದ ವೇದಿಕೆಯಲ್ಲಿ ನಿಂತು ಗಂಡ-ಹೆಂಡಿರ ಸೈಕಲ್ ಪ್ರವಾಸದ ಮಾತನಾಡುವುದು ಕೆಲವರಿಗೆ ಹಗುರವೆನಿಸಬಹುದು. ಆದರೆ ನಾನೂ ನನ್ನ ಪತ್ನಿಯೂ ಕಳೆದ ಡಿಸೆಂಬರಿನಲ್ಲಿ ಶರಾವತಿ ಹಿನ್ನೀರಿನ ಪ್ರದೇಶದಲ್ಲಿ ಎರಡು ದಿನ ಸೈಕಲ್ ತುಳಿದು ಬಂದ ಮೇಲೆ, ಒಂದು ಸೀಮೆಯನ್ನು ನಾವು ಯಾವ ವೇಗದಲ್ಲಿ ನೋಡುತ್ತೇವೆ ಎಂಬುದೂ ಪರಿಸರದ ಪ್ರಶ್ನೆಯೇ ಎಂಬುದು ಮನವರಿಕೆಯಾಯಿತು. ಆ ವಿಚಾರವನ್ನು ತಮ್ಮ ಮುಂದಿಡಬಯಸುತ್ತೇನೆ.

ಬಿಡುವಿನ ಎರಡು ದಿನ ಎಲ್ಲಿಗಾದರೂ ಹೋಗಿಬರೋಣವೆಂದು ನಾನು ದೂರದ ಸರೋವರಗಳ ಹೆಸರು ಹೇಳುತ್ತಿದ್ದೆ. "ಮಗ್ಗುಲಲ್ಲೇ ಇಷ್ಟು ದೊಡ್ಡ ನೀರಿದೆ, ಅದನ್ನು ಸರಿಯಾಗಿ ನೋಡಿದ್ದೀರಾ?" ಎಂದು ಪತ್ನಿ ಕೇಳಿದಳು. ನೋಡಿರಲಿಲ್ಲ. ಶನಿವಾರ ಬೆಳಗಿನ ಮಂಜಿನಲ್ಲಿ ಸಾಗರದಿಂದ ಹೊರಟೆವು. ಆವಿನಹಳ್ಳಿಯ ಮಾರ್ಗವಾಗಿ ಅಂಬಾರಗೋಡ್ಲು, ಅಲ್ಲಿಂದ ಸೇತುವೆ ದಾಟಿ ಕಳಸವಳ್ಳಿ, ಆಮೇಲೆ ತುಮರಿಯ ಕಡೆ. ಮರುದಿನ ಅದೇ ದಾರಿಯಲ್ಲಿ ಹಿಂದಕ್ಕೆ. ಕಾರಿನಲ್ಲಿ ಹೋಗುವವನಿಗೆ ಸಮತಟ್ಟಾಗಿ ಕಾಣುವ ಈ ರಸ್ತೆ ಎಷ್ಟು ದಿಬ್ಬ, ಎಷ್ಟು ಇಳಿಜಾರು ಎಂಬುದು ಸೈಕಲ್ಲಿನವನ ತೊಡೆಗೇ ಗೊತ್ತು. ಅಡಿಕೆ ತೋಟದ ತಂಪು ಎಲ್ಲಿ ಮುಗಿಯಿತು, ಅಕೇಶಿಯಾ ನೆಡುತೋಪಿನ ಒಣ ಗಾಳಿ ಎಲ್ಲಿ ಆರಂಭವಾಯಿತು ಎಂಬುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಹಕ್ಕಿಯ ದನಿ ಎಲ್ಲಿ ನಿಂತಿತೋ ಅಲ್ಲೇ ತಿಳಿಯಿತು.

ಪ್ರವಾಸಿಗರು ಈ ನೀರನ್ನು ಸರೋವರ ಎನ್ನುತ್ತಾರೆ. ಇದು ಸರೋವರವಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ನಿಂತ ನದಿ. ಸಮುದ್ರಮಟ್ಟದಿಂದ 1819 ಅಡಿಗೆ ಜಲಾಶಯ ತುಂಬಿದಾಗ ಅದರಲ್ಲಿ 151 ಟಿಎಂಸಿಗೂ ಹೆಚ್ಚು ನೀರಿರುತ್ತದೆ. ಅಷ್ಟು ನೀರು ನಿಲ್ಲಲು ಗದ್ದೆ, ತೋಟ, ಕಾಡು, ದೇವಸ್ಥಾನ, ಮನೆಗಳು ಜಾಗ ಬಿಟ್ಟುಕೊಟ್ಟವು. ಅಣೆಕಟ್ಟೆಯೊಂದು ಕೂಡ ಅದರಡಿ ಸೇರಿತು. 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಲಿಂಗನಮಕ್ಕಿಯ ನೀರಿನಲ್ಲಿ ತಾನೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದು ಮೇಲೆ ಕಾಣಿಸಿಕೊಳ್ಳುತ್ತದೆ.

ದಾರಿಯಲ್ಲಿ ನೀರು ಕೇಳಲು ಒಂದು ಮನೆಯ ಅಂಗಳಕ್ಕೆ ಹೋದೆವು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಜ್ಜಿಗೆ ಕೊಟ್ಟರು. ಪತ್ನಿ ಅವರ ತವರೂರು ಕೇಳಿದಳು. "ತವರೂ ಅಲ್ಲೇ, ಸೇರಿದ ಮನೆಯೂ ಅಲ್ಲೇ, ತಂಗೀ" ಎಂದು ಅವರು ನೀರಿನ ಕಡೆ ಕೈ ತೋರಿಸಿದರು. "ನೀರು ಇಳಿದ ವರ್ಷ ಬಾವಿಕಟ್ಟೆ ಕಾಣ್ತದೆ. ಒಂದು ಸಲ ಮೊಮ್ಮಗ ಕರಕೊಂಡು ಹೋಗಿದ್ದ. ಅಲ್ಲಿ ಯಾರೋ ಜೀಪು ಓಡಿಸಿ ಆಡ್ತಿದ್ದರು" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಷ್ಟರಿಂದಲೇ ನಾವು ತಲೆ ತಗ್ಗಿಸಬೇಕಾಯಿತು.

ಈಗ ಸೇತುವೆಯ ಮಾತು. 2025ರ ಜುಲೈ 14ರಂದು ಉದ್ಘಾಟನೆಗೊಂಡ ಈ ಸೇತುವೆಯ ಉದ್ದ ಸುಮಾರು 2.44 ಕಿಲೋಮೀಟರ್. ಅದಕ್ಕೂ ಮೊದಲು ಈ ಭಾಗದವರಿಗೆ ಲಾಂಚೇ ಗತಿ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹತ್ತಾರು ಮೈಲಿ ಸುತ್ತಿ ಬಳಸಬೇಕಿತ್ತು. ಲಾಂಚಿನ ಪಯಣ ಎಷ್ಟು ಚೆಂದವಿತ್ತೆಂದು ಹಲುಬುವ ಪ್ರವಾಸಿಗರನ್ನು ನಾನು ಕಂಡಿದ್ದೇನೆ. ಹೆರಿಗೆ ನೋವಿನ ಹೆಂಗಸನ್ನು ದಡದಲ್ಲಿ ಕೂರಿಸಿಕೊಂಡು ರಾತ್ರಿ ಕಳೆದವರ ಮುಂದೆ ಆ ಮಾತನ್ನು ಆಡಲಾಗದು. ನಾಡಿನ ದೀಪಕ್ಕಾಗಿ ಮನೆ ಕಳೆದುಕೊಂಡವರು ಒಂದು ಸೇತುವೆಗೆ ಅರವತ್ತು ವರ್ಷ ಕಾದರು. ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ಸೇತುವೆ ಬೇಕಿತ್ತು, ಬಂದಿದೆ, ಒಳ್ಳೆಯದಾಯಿತು.

ಆದರೆ ಸೇತುವೆಗೆ ಎರಡು ದಿಕ್ಕು. ಆಸ್ಪತ್ರೆಗೆ ಹೋಗುವವರು ಒಂದು ಕಡೆಯಿಂದ ದಾಟಿದರೆ, ನಮ್ಮಂಥವರು ಇನ್ನೊಂದು ಕಡೆಯಿಂದ ಬರುತ್ತೇವೆ. ಕಾರು ಅದನ್ನು ಎರಡು-ಮೂರು ನಿಮಿಷದಲ್ಲಿ ದಾಟುತ್ತದೆ. ನಮಗೆ ಹನ್ನೆರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿದ ವಾಹನಗಳೆಷ್ಟೋ. ದಡದ ಅಂಗಡಿಯವರೊಬ್ಬರು ಹೇಳಿದರು: "ಲಾಂಚಿಗೆ ಕಾಯುವವರು ಚಾ ಕುಡಿದು, ನಾಲ್ಕು ಮಾತಾಡಿ ಹೋಗ್ತಿದ್ದರು. ಈಗಿನವರು ಗಾಜು ಇಳಿಸೋದು ಬಾಟ್ಲಿ ಎಸೆಯೋಕೆ ಮಾತ್ರ." ದುಡ್ಡು ಊರಿಗೆ ತಾಗದೆ ಹೋಗುತ್ತದೆ, ಕಸ ಮಾತ್ರ ಊರಿನಲ್ಲಿ ಉಳಿಯುತ್ತದೆ. ನಾಳೆ ದಡದ ಜಾಗಕ್ಕೆ ಬೆಲೆ ಕಟ್ಟುವವರೂ ಬಂದಾರು. ಒಮ್ಮೆ ನೀರಿಗೆ ನೆಲ ಕೊಟ್ಟವರು ಮತ್ತೊಮ್ಮೆ ಮೋಜಿಗೆ ನೆಲ ಕೊಡುವಂತಾಗಬಾರದು. ನನ್ನ ಮಾತಿನ ಸಾರ ಇಷ್ಟೇ.

ಹಾಗೆಂದು ಯಾರೂ ಬರಬೇಡಿ ಎನ್ನುವುದು ಸರಿಯಲ್ಲ. ಬರುವ ರೀತಿ ಬೇರೆಯಾಗಲಿ. ಸೈಕಲ್ಲಿನಲ್ಲಿ ಬಂದವನಿಗೆ ದಾರಿಯುದ್ದಕ್ಕೂ ಊರಿನವರು ಬೇಕು: ನೀರಿಗೆ, ಊಟಕ್ಕೆ, ರಾತ್ರಿಯ ತಂಗುದಾಣಕ್ಕೆ. ನಾವು ಆ ರಾತ್ರಿ ಊರಿನ ಮನೆಯೊಂದರಲ್ಲಿ ತಂಗಿ, ಗಂಜಿಯೂಟಕ್ಕೂ ಹಾಸಿಗೆಗೂ ಹಣ ಕೊಟ್ಟೆವು. ಆ ಹಣ ಆ ಮನೆಯಲ್ಲೇ ಉಳಿಯಿತು.

ಹೋಗಬಯಸುವ ಯುವ ದಂಪತಿಗಳಿಗೂ ವಿದ್ಯಾರ್ಥಿಗಳಿಗೂ ಕೆಲವು ಸೂಚನೆಗಳು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಸಂಕ್ರಾಂತಿಯ ವೇಳೆ ಸಿಗಂದೂರಿನ ಜಾತ್ರೆಯಿಂದಾಗಿ ವಾಹನ ವಿಪರೀತ, ಆಗ ಬೇಡ. ದಿನಕ್ಕೆ ನಲವತ್ತು-ಐವತ್ತು ಕಿಲೋಮೀಟರ್ ಸಾಕು. ಪಂಕ್ಚರ್ ಹಾಕುವ ಸಾಮಾನು, ಪಂಪು, ದೀಪ ಜೊತೆಗಿರಲಿ. ಇಬ್ಬರಲ್ಲಿ ನಿಧಾನವಾಗಿ ತುಳಿಯುವವರು ಮುಂದಿರಲಿ. ಹಿನ್ನೀರಿಗೆ ಇಳಿಯಬೇಡಿ, ಆಳ ಒಮ್ಮೆಲೇ ಬರುತ್ತದೆ, ಮುಳುಗಿದ ಮರಗಳ ಬೊಡ್ಡೆಗಳು ಕಾಣುವುದಿಲ್ಲ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಹೊರಡುವ ಮೊದಲು ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಓದಿಕೊಳ್ಳಿ.

ಗ್ರಾಮಸ್ಥರಲ್ಲಿ ನನ್ನ ಬಿನ್ನಹ ಒಂದೇ. ಎಲ್ಲಿ ವಾಹನ ನಿಲ್ಲಬೇಕು, ಎಲ್ಲಿ ನಿಲ್ಲಬಾರದು, ಕಸಕ್ಕೆ ಯಾರು ಹೊಣೆ, ದಡದಲ್ಲಿ ಏನು ಕಟ್ಟಬಹುದು ಎಂಬುದನ್ನು ನಿಮ್ಮ ಗ್ರಾಮಸಭೆಯಲ್ಲಿ ಈಗಲೇ ಚರ್ಚಿಸಿ ಬರೆದಿಡಿ. ನೀರು ಏರಿದಾಗ ನಿಮ್ಮ ಹಿರಿಯರನ್ನು ಕೇಳುವವರಿರಲಿಲ್ಲ. ಈ ಸಲವಾದರೂ, ಯಾರಾದರೂ ಕೇಳುವ ಮೊದಲೇ, ನಿಮ್ಮ ಉತ್ತರ ಸಿದ್ಧವಾಗಿರಲಿ.