ಹೂತುಹೋದ ವಾಲ್ವ್ ಪತ್ತೆಗೆ ಲೋಹಶೋಧಕ: ಬಳಕೆ ಮತ್ತು ಹೊಂದಾಣಿಕೆ



ರಸ್ತೆಯನ್ನು ಎತ್ತರಿಸಿದಾಗ ವಾಲ್ವ್ ಚೇಂಬರುಗಳ ಕಬ್ಬಿಣದ ಮುಚ್ಚಳಗಳು ಅಡಿಯಲ್ಲಿ ಹೂತುಹೋಗುತ್ತವೆ. ಮುಂದೆ ಒಂದು ಬೀದಿಗೆ ನೀರು ನಿಂತರೆ, ವಾಲ್ವ್ ಹುಡುಕಲು ಹೊಸ ರಸ್ತೆಯನ್ನೇ ಹಲವೆಡೆ ಅಗೆಯಬೇಕಾಗುತ್ತದೆ. ಕೈಯಲ್ಲಿ ಹಿಡಿಯುವ ಲೋಹಶೋಧಕವು ಈ ನಷ್ಟವನ್ನು ತಪ್ಪಿಸಬಲ್ಲದು. ಆದರೆ ಅದನ್ನು ಆಯಾ ಸ್ಥಳದ ನೆಲಕ್ಕೆ ಹೊಂದಿಸಿಕೊಂಡಿರಬೇಕು.

ಉಪಕರಣದ ಸುರುಳಿಯು ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಹರಡುತ್ತದೆ. ಅದರಿಂದ ಲೋಹದಲ್ಲಿ ಉಂಟಾಗುವ ವಿದ್ಯುತ್ ಪ್ರವಾಹವನ್ನು ಗುರುತಿಸಿ ಉಪಕರಣವು ಶಬ್ದ ಮಾಡುತ್ತದೆ. ಕಬ್ಬಿಣದ ಅಂಶವುಳ್ಳ ಕೆಂಪು ಮಣ್ಣಿನಲ್ಲಿ ಬರಿಯ ನೆಲವೂ ಸದ್ದು ಹೊರಡಿಸಬಹುದು.

ಆದ್ದರಿಂದ ಮೊದಲು ಲೋಹವಿಲ್ಲದ ಜಾಗದಲ್ಲಿ ಸುರುಳಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ಶಬ್ದ ಸಮನಾಗುವವರೆಗೆ ಗ್ರೌಂಡ್ ಬ್ಯಾಲೆನ್ಸ್ ಹೊಂದಿಸಬೇಕು. ಬಳಿಕ ಸೆನ್ಸಿಟಿವಿಟಿಯನ್ನು ಏರಿಸುತ್ತ ಹೋಗಿ, ಸುಳ್ಳು ಶಬ್ದ ಆರಂಭವಾದೊಡನೆ ತುಸು ಇಳಿಸಬೇಕು. ಕಬ್ಬಿಣವನ್ನು ಕಡೆಗಣಿಸುವ ಡಿಸ್ಕ್ರಿಮಿನೇಷನ್ ವ್ಯವಸ್ಥೆಯನ್ನು ನಿಲ್ಲಿಸಿರಬೇಕು. ನಾವು ಹುಡುಕುವುದೇ ಕಬ್ಬಿಣವನ್ನು.

ಗುದ್ದಲಿ, ಹಾರೆಗಳನ್ನು ದೂರವಿಟ್ಟು, ಸುರುಳಿಯನ್ನು ನೆಲಕ್ಕೆ ಸಮಾನಾಂತರವಾಗಿ, ನಿಧಾನವಾಗಿ ಬೀಸಬೇಕು. ಶಬ್ದ ಬಂದೆಡೆ ಅಡ್ಡಲಾಗಿಯೂ ಉದ್ದಕ್ಕೂ ಬೀಸಿ, ಎರಡೂ ಗೆರೆಗಳು ಕೂಡುವ ಬಿಂದುವಿಗೆ ಸುಣ್ಣದ ಗುರುತು ಹಾಕಬೇಕು. ಪಿವಿಸಿ ಕೊಳವೆಯನ್ನು ಈ ಉಪಕರಣ ತೋರಿಸದು. ಕಾಂಕ್ರೀಟಿನಲ್ಲಿ ಸರಳುಗಳಿದ್ದರೆ ಎಲ್ಲೆಡೆ ಶಬ್ದ ಬರುತ್ತದೆ. ಅಲ್ಲಿ ಇದನ್ನೇ ನಂಬಿ ಅಗೆಯಬಾರದು.

ಪತ್ತೆಯಾದ ಮುಚ್ಚಳವನ್ನು ರಸ್ತೆಯ ಮಟ್ಟಕ್ಕೆ ಎತ್ತರಿಸಿ, ಎರಡು ಶಾಶ್ವತ ಗುರುತುಗಳಿಂದ ಅದರ ದೂರವನ್ನು ಅಳೆದು ವಹಿಯಲ್ಲಿ ಬರೆದಿಡಬೇಕು. ಮುಂದಿನ ರಸ್ತೆ ಕಾಮಗಾರಿಗೆ ಒಪ್ಪಿಗೆ ನೀಡುವ ಮುನ್ನ ಸದಸ್ಯರು ಆ ವಹಿಯನ್ನು ತರಿಸಿ ನೋಡಬೇಕೆಂದು ವಿನಂತಿಸುತ್ತೇನೆ.