ಬಿಚ್ಚಿ ನೋಡುವ ಗಣಿತ



ಆರು ಚೌಕಗಳ ಚಿತ್ರವನ್ನು ತೋರಿಸಿ, ಇದನ್ನು ಮಡಿಚಿದರೆ ಪೆಟ್ಟಿಗೆಯಾಗುತ್ತದೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಮಗು ಅದನ್ನು ನಂಬುತ್ತದೆಯೇ ಹೊರತು ಕಾಣುವುದಿಲ್ಲ. ಆದುದರಿಂದ ಮಡಿಚುವುದಕ್ಕೆ ಮೊದಲು ಬಿಚ್ಚುವುದನ್ನು ಕಲಿಸಬೇಕೆಂಬುದು ನಮ್ಮ ಅರಿಕೆ.

ಎಲ್ಲ ಮುಖಗಳೂ ಚೌಕವಾಗಿರುವ ರಟ್ಟಿನ ಪೆಟ್ಟಿಗೆಯೊಂದನ್ನು ಮಗುವಿನ ಕೈಗೆ ಕೊಡೋಣ. ಅದರ ಅಂಚುಗಳು 12. ಯಾವ ಮುಖವೂ ಕಳಚಿಹೋಗದಂತೆ ಅಂಚುಗಳನ್ನಷ್ಟೇ ಕತ್ತರಿಸಿ, ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲಿ. ಯಾವ ಕ್ರಮದಲ್ಲಿ ಕತ್ತರಿಸಿದರೂ 7 ಅಂಚುಗಳು ಕತ್ತರಿಸಲ್ಪಟ್ಟು, 5 ಮಡಿಕೆಗಳಾಗಿ ಉಳಿಯುತ್ತವೆ. ಆರು ಮುಖಗಳನ್ನು ಒಂದಾಗಿ ಹಿಡಿದಿಡಲು ಐದು ಮಡಿಕೆಗಳು ಬೇಕು. ಇನ್ನೊಂದು ಉಳಿದರೂ ರಟ್ಟು ಚಪ್ಪಟೆಯಾಗದು. ಈ ಎಣಿಕೆಯನ್ನು ಮಗು ತಾನೇ ಕಂಡುಕೊಳ್ಳಲಿ.

ಹೀಗೆ ಹರಡಿದ ಆಕಾರವೇ ಜಾಲಾಕೃತಿ. ತಿರುಗಿಸಿದ, ಮಗುಚಿದ ರೂಪಗಳನ್ನು ಒಂದೇ ಎಂದೆಣಿಸಿದರೆ, ಆರು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ 35 ವಿನ್ಯಾಸಗಳನ್ನು ರಚಿಸಬಹುದು. ಅವುಗಳಲ್ಲಿ 11 ಮಾತ್ರ ಘನವಾಗುತ್ತವೆ. ಯಾವುವೆಂದು ಮಕ್ಕಳು ಮೊದಲು ಊಹಿಸಿ, ಅನಂತರ ಮಡಿಚಿ ನೋಡಲಿ. ಐದು ಚೌಕಗಳು ಒಂದೇ ಸಾಲಿನಲ್ಲಿದ್ದರೆ ಐದನೆಯದು ಮೊದಲನೆಯದರ ಮೇಲೆಯೇ ಕೂಡುತ್ತದೆ. ನಾಲ್ಕು ಚೌಕಗಳು ಒಂದು ಬಿಂದುವಿನಲ್ಲಿ ಸೇರಿದರೆ ಮೂಲೆಯೇ ಏಳದು. ಘನದ ಪ್ರತಿ ಮೂಲೆಯಲ್ಲಿ ಸೇರುವುದು ಮೂರೇ ಮುಖಗಳು. ತಪ್ಪಿದ ಊಹೆಯೂ ಹೀಗೆ ಕಾರಣವನ್ನು ಕಲಿಸುತ್ತದೆ.

ತಾವು ನೆಲೆಸಿರುವ ಈ ಜರ್ಮನಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ನ್ಯೂರೆಂಬರ್ಗಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ರೇಖಾಗಣಿತದ ಗ್ರಂಥದಲ್ಲಿ ಘನಾಕೃತಿಗಳನ್ನು ಹೀಗೆಯೇ ಬಿಚ್ಚಿ ಚಿತ್ರಿಸಿದನು. ವಿದ್ವಾಂಸರು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಕುಶಲಕರ್ಮಿಗಳಿಗೂ ತಿಳಿಯಲೆಂದು ಆತ ಜರ್ಮನ್ ಭಾಷೆಯಲ್ಲಿ ಬರೆದನು.

ಈ ಮಾತು ನಮಗೂ ಅನ್ವಯಿಸುತ್ತದೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡವು ಹಾಡಿಗೆ, ಹಬ್ಬಕ್ಕೆ, ಊಟಕ್ಕೆ ಒದಗುತ್ತದೆ. ಯೋಚಿಸಬೇಕಾದಾಗ ಅವರು ಶಾಲೆಯ ಭಾಷೆಗೆ ಹೊರಳುತ್ತಾರೆ. ಮುತ್ತುಗದ ಎಲೆಯನ್ನು ಮಡಿಚಿ ದೊನ್ನೆ ಮಾಡಿದ, ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕಡುಬಿಗೆ ಕೊಟ್ಟೆ ಕಟ್ಟಿದ ಜನರ ನುಡಿಯಲ್ಲಿ ಇದಕ್ಕೆ ಪದಗಳ ಕೊರತೆಯಿಲ್ಲ. ಅಂಚು, ಮಡಿಕೆ, ಮೂಲೆ, ಮಗ್ಗುಲು, ತಳ, ಮುಚ್ಚಳ ಇವೆಲ್ಲವೂ ಮನೆಯ ಮಾತುಗಳೇ. "ಇದು ಮುಚ್ಚಳವಾದರೆ ತಳ ಯಾವುದು?" ಎಂದು ಕನ್ನಡದಲ್ಲಿ ಕೇಳೋಣ, ಉತ್ತರವನ್ನು ಕನ್ನಡದಲ್ಲಿಯೇ ಕಾಯೋಣ. ಮಗು ತರ್ಕಿಸುವ ಭಾಷೆ ಅದರೊಡನೆ ಉಳಿಯುತ್ತದೆ.