ಎರಡು ಕಡೆ ಕುರ್ಚಿ, ಒಂದು ಕಡೆ ಹಾಜರಿ



ಬೆಂಗಳೂರಿಂದ ಬಸ್ಸಲ್ಲಿ ಚೆನ್ನೈಗೆ ಹೋದವರಿಗೆ ಪೂನಮಲ್ಲಿ ಗೊತ್ತಿರುತ್ತೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಪೋರೂರು. ಅಲ್ಲಿರೋ ಶ್ರೀ ರಾಮಚಂದ್ರ ವೈದ್ಯಕೀಯ ಕಾಲೇಜು 1985ರಲ್ಲಿ ಶುರುವಾದದ್ದು. ಇವತ್ತಿನ ವಿಷಯಕ್ಕೆ ನಾನು ಆ ಊರನ್ನ ಯಾಕೆ ಹಿಡಿದೆ ಅಂದರೆ, ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕೆಲಸ ಮಾಡೋದು ಅಂದರೆ ಏನು ಅಂತ ತಿಳಿಯೋಕೆ ಅಲ್ಲಿ ಒಂದು ಒಳ್ಳೆ ಉದಾಹರಣೆ ಇದೆ.

ವಿಷಯ ಜಂಟಿ ನೇಮಕಾತಿ. ಒಬ್ಬ ವೈದ್ಯಕೀಯ ಪ್ರಾಧ್ಯಾಪಕರಿಗೆ ಎರಡು ದೇಶದ ಎರಡು ಸಂಸ್ಥೆಗಳಲ್ಲಿ ಹುದ್ದೆ. ಕೇಳೋಕೆ ಚೆನ್ನಾಗಿದೆ. ಆದರೆ ಸಂಬಳ ಯಾರು ಕೊಡ್ತಾರೆ, ಬಡ್ತಿ ಎಲ್ಲಿ, ರಜೆ ಯಾರ ಹತ್ತಿರ ಕೇಳಬೇಕು? ಈ ಮೂರಕ್ಕೆ ಉತ್ತರ ಇಲ್ಲದಿದ್ದರೆ ಅದು ನೇಮಕಾತಿ ಅಲ್ಲ, ವಿಸಿಟಿಂಗ್ ಕಾರ್ಡು.

ಪೋರೂರಿನ ಕಥೆಗೆ ಬರ್ತೀನಿ. ಅಲ್ಲಿ ಡಾ. ಕಲ್ಪನಾ ಬಾಲಕೃಷ್ಣನ್ ಅವರ ತಂಡ ಸೌದೆ ಒಲೆಯ ಹೊಗೆ ಅಳೆಯುವ ಕೆಲಸ ಮಾಡಿದೆ. ತಮಿಳುನಾಡಿನ ಹಳ್ಳಿ ಮನೆಗಳ ಅಳತೆ 2002ರಲ್ಲಿ ಪ್ರಕಟವಾಯಿತು. ಆಂಧ್ರದ ಹಳ್ಳಿಗಳದ್ದು 2004ರಲ್ಲಿ, ಅದರಲ್ಲಿ ಬರ್ಕ್ಲಿಯ ಕರ್ಕ್ ಸ್ಮಿತ್ ಸಹಲೇಖಕರು. ಈ ಕ್ರಮ ಗಮನಿಸಿ. ಮೊದಲು ಇಲ್ಲಿನವರ ಅಳತೆ, ಆಮೇಲೆ ಜೊತೆಗಾರಿಕೆ. ಸ್ಮಿತ್ ಕೂಡ ಹೊಸಬರಲ್ಲ. 1980ರ ದಶಕದ ಶುರುವಿನಲ್ಲೇ ಗುಜರಾತಿನ ಹಳ್ಳಿಗಳಲ್ಲಿ, ಅಡುಗೆ ಮಾಡೋ ಹೆಂಗಸರು ಎಷ್ಟು ಹೊಗೆ ಕುಡೀತಾರೆ ಅಂತ ಅಳೆಸಿದವರು. ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ ದೆಹಲಿಯ ಕೊಲಾಬರೇಟಿವ್ ಕ್ಲೀನ್ ಏರ್ ಪಾಲಿಸಿ ಸೆಂಟರ್ ನಡೆಸಿದರು. 2020ರ ಜೂನ್‌ನಲ್ಲಿ ತೀರಿಕೊಳ್ಳುವವರೆಗೂ ಎರಡೂ ಕಡೆ ಕಾಲಿಟ್ಟುಕೊಂಡೇ ಇದ್ದರು.

ಇದೇ ದಾರಿಯಲ್ಲಿ ಮುಂದೆ ಬಂದದ್ದು ಹೇಪಿನ್ ಅನ್ನುವ ಪ್ರಯೋಗ. ಭಾರತ, ಗ್ವಾಟೆಮಾಲ, ಪೆರು, ರುವಾಂಡಾ. ಒಟ್ಟು 3,200 ಗರ್ಭಿಣಿಯರು. ಅರ್ಧ ಜನಕ್ಕೆ ಗ್ಯಾಸ್ ಒಲೆ, 18 ತಿಂಗಳು ಪುಕ್ಕಟೆ ಗ್ಯಾಸು. ಉಳಿದವರು ಎಂದಿನ ಹಾಗೆ ಸೌದೆ ಒಲೆಯಲ್ಲಿ. ಭಾರತದ ಕೆಲಸ ಪೋರೂರಿನ ತಂಡದ್ದು, ಊರುಗಳು ವಿಲ್ಲುಪುರಂ ಮತ್ತು ನಾಗಪಟ್ಟಿಣಂ ಕಡೆಯವು. 2022ರಲ್ಲಿ ಫಲಿತಾಂಶ ಬಂತು. ಹೆಂಗಸರು ಉಸಿರಾಡೋ ಸೂಕ್ಷ್ಮ ಕಣಗಳ ಮಟ್ಟ ಘನ ಮೀಟರಿಗೆ ಸುಮಾರು 70 ಮೈಕ್ರೋಗ್ರಾಂ ಇದ್ದದ್ದು ಗ್ಯಾಸ್ ಬಂದ ಮನೆಗಳಲ್ಲಿ 24 ಆಯ್ತು. ಆದರೆ ಮಗುವಿನ ತೂಕ? ಗ್ಯಾಸ್ ಗುಂಪಿನಲ್ಲಿ ಸರಾಸರಿ 2,921 ಗ್ರಾಂ, ಇನ್ನೊಂದರಲ್ಲಿ 2,898. ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಅಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಎಲ್ಲರೂ ನಿರೀಕ್ಷಿಸಿದ ಉತ್ತರ ಬರಲಿಲ್ಲ. ಇಂಥ ಫಲಿತಾಂಶ ಅಮೆರಿಕದಲ್ಲಿ ಕೂತವರಿಗೆ ಒಂದು ಪ್ರಬಂಧ, ಒಂದು ಚರ್ಚೆ. ಅದನ್ನು ಹಳ್ಳಿಗೆ ಹೋಗಿ, "ಅಮ್ಮಾ, ಹೊಗೆ ಕಡಿಮೆಯಾಯ್ತು, ಮಗುವಿನ ತೂಕ ಮಾತ್ರ ಏರಲಿಲ್ಲ, ಹಾಗಂತ ಸೌದೆಗೆ ವಾಪಸ್ ಹೋಗಬೇಡಿ" ಅಂತ ಹೇಳಬೇಕಾದವರು ಯಾರು? ಇಲ್ಲಿರೋರು. ಅನುದಾನದ ಕಾಗದದಲ್ಲಿ ಮುಖ್ಯಸ್ಥರು ಮೂವರು. ಎಮರಿ, ಕೊಲರಾಡೊ ಸ್ಟೇಟ್, ಜಾನ್ಸ್ ಹಾಪ್ಕಿನ್ಸ್‌ನವರು. ಅವರ ಕೆಲಸದ ಬಗ್ಗೆ ನನಗೆ ತಕರಾರಿಲ್ಲ. ಹಣ ಬರೋ ದಾರಿ ಹಾಗಿದೆ, ಅಷ್ಟೆ. ಹಣ ಅಲ್ಲಿಗೆ ಬರುತ್ತೆ, ಅಲ್ಲಿಂದ ಉಪ ಅನುದಾನವಾಗಿ ಇಲ್ಲಿಗೆ. 2025ರ ಮೇ 1ರಂದು ಅಮೆರಿಕದ ಎನ್‌ಐಎಚ್, ವಿದೇಶಿ ಸಂಸ್ಥೆಗಳಿಗೆ ಹಾಗೆ ಉಪ ಅನುದಾನ ಸೇರಿದ ಹೊಸ ಮಂಜೂರಾತಿ ಮತ್ತು ನವೀಕರಣ, ಬೇರೆ ವ್ಯವಸ್ಥೆ ಆಗೋವರೆಗೆ ಇಲ್ಲ ಅಂತ ಹೇಳಿಬಿಟ್ಟಿತು. ನಲ್ಲಿ ಅವರ ಮನೆಯಲ್ಲಿದ್ದರೆ ಹೀಗೇ ಆಗೋದು.

ಅದಕ್ಕೇ ನಾನು ಹುದ್ದೆಯ ವಿಷಯ ಎತ್ತಿದ್ದು. ಅಲ್ಲಿಯವರು ಇಲ್ಲಿ "ಅಡ್ಜಂಕ್ಟ್ ಪ್ರೊಫೆಸರ್" ಆಗೋದು ಸುಲಭ. ಸಮಾರಂಭ ಮಾಡ್ತೀವಿ, ಶಾಲು ಹೊದಿಸ್ತೀವಿ, ಫೋಟೋ ತೆಗೀತೀವಿ. ನಮ್ಮ ಸರ್ಕಾರ 2017ರಲ್ಲಿ ವಜ್ರ ಅಂತ ಒಂದು ಯೋಜನೆಯನ್ನೇ ತಂತು: ವಿದೇಶದ ವಿಜ್ಞಾನಿ ವರ್ಷಕ್ಕೆ ಒಂದರಿಂದ ಮೂರು ತಿಂಗಳು ಇಲ್ಲಿರಬೇಕು, ಮೊದಲ ತಿಂಗಳಿಗೆ 15,000 ಡಾಲರ್, ಆಮೇಲಿನ ತಿಂಗಳುಗಳಿಗೆ ತಲಾ 10,000. ಒಳ್ಳೇದೇ. ಆದರೆ ಅದು ಸರ್ಕಾರದ ಹಣದಲ್ಲಿ ನಡೆಯೋ ಸಂಸ್ಥೆಗಳಿಗೆ. ಪೋರೂರಿನಂಥ ಖಾಸಗಿ ಕಾಲೇಜಿಗೆ ಸಿಗಲ್ಲ.

ಇನ್ನು ಇಲ್ಲಿಯವರು ಅಲ್ಲಿಗೆ ಹೋಗೋದು ನೋಡಿ. ಎನ್‌ಎಂಸಿ ನಿಯಮದಲ್ಲಿ ವೈದ್ಯಕೀಯ ಕಾಲೇಜಿನ ಅಧ್ಯಾಪಕರಿಗೆ ಕೆಲಸದ ದಿನಗಳಲ್ಲಿ ಶೇ. 75 ಹಾಜರಿ ಕಡ್ಡಾಯ. ಈಗ ಮುಖ ತೋರಿಸಿ ಹಾಜರಿ ಹಾಕಬೇಕು. ಈ ನಿಯಮ ಬಂದದ್ದಕ್ಕೆ ಕಾರಣ ಇದೆ, ಇನ್‌ಸ್ಪೆಕ್ಷನ್ ದಿನ ಮಾತ್ರ ಬರೋ ಪ್ರೊಫೆಸರುಗಳನ್ನ ನಾವೆಲ್ಲ ಕಂಡಿದ್ದೀವಿ. ಆದರೆ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅನ್ನೋ ನಿಜವಾದ ಜಂಟಿ ಹುದ್ದೆಯೂ ಆ ಕಳ್ಳರ ಜೊತೆಗೇ ಸಿಕ್ಕಿಹಾಕಿಕೊಳ್ಳುತ್ತೆ. ಕ್ಯಾಮೆರಾಕ್ಕೆ ಇಬ್ಬರೂ ಗೈರುಹಾಜರು.

ಹಳೇ ಕಾಲದಲ್ಲಿ ಇದು ಸಾಧ್ಯವಾಗಿತ್ತಾ? ಒಂದು ಥರದಲ್ಲಿ, ಹೌದು. ಪೋರೂರಿಂದ ಒಂದೂವರೆ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ವೆಲ್ಲೂರು. ಐಡಾ ಸ್ಕಡರ್ 1900ರಲ್ಲಿ ಒಂದು ಹಾಸಿಗೆಯಿಂದ ಶುರು ಮಾಡಿದ ಜಾಗ. ಹೊರದೇಶದ ಮಿಷನ್‌ಗಳು ವೈದ್ಯರನ್ನ ಕಳಿಸ್ತಿದ್ದವು, ಕೆಲಸ ಮತ್ತು ಹೊಣೆ ವೆಲ್ಲೂರಿನದು. 1946ರಲ್ಲಿ ಬಂದ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಮಡಚಿಹೋದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡೋ ವಿಧಾನ ಕಟ್ಟಿದ್ದು ವೆಲ್ಲೂರಿನಲ್ಲಿ, ಇಲ್ಲಿಯ ರೋಗಿಗಳ ಜೊತೆ ವರ್ಷಗಟ್ಟಲೆ ಇದ್ದು. ಅದರಲ್ಲೂ ದಾರಿ ಒಂದೇ ಕಡೆಯದು, ಅದನ್ನು ಮುಚ್ಚಿಡಲ್ಲ. ಆದರೆ ಬಂದವರು ಬೇಗ ವಿಮಾನ ಹತ್ತಲಿಲ್ಲ.

ನನ್ನದೂ ಒಂದು ಕಥೆ ಇದೆ. ಹೆಸರು ಬೇಡ. ಒಂದು ವಿದೇಶಿ ವಿಶ್ವವಿದ್ಯಾಲಯ ನನಗೆ ಮೂರು ವರ್ಷದ ಅಡ್ಜಂಕ್ಟ್ ಹುದ್ದೆ ಕೊಟ್ಟಿತ್ತು. ಸಂಬಳ ಇಲ್ಲ, ಒಂದು ಇಮೇಲ್, ಲೈಬ್ರರಿ ಲಾಗಿನ್. ನಮ್ಮ ಹುಡುಗೀರು ಬಿಸಿಲಲ್ಲಿ ಮನೆ ಮನೆ ಸುತ್ತಿ ತುಂಬಿಸಿದ ಮಾಹಿತಿ ಎಲ್ಲಾ ಅವರ ಸರ್ವರ್‌ನಲ್ಲಿತ್ತು. ಮೂರು ವರ್ಷ ಮುಗಿದ ಮಾರನೇ ದಿನ ಬೆಳಿಗ್ಗೆ ಲಾಗಿನ್ ಆಗಲಿಲ್ಲ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ, ಕಂಪ್ಯೂಟರ್ ತಾನೇ ಮುಚ್ಚಿತು. ಆದರೆ ನಾನು ಸಹಿ ಹಾಕಿದ ಪತ್ರದಲ್ಲಿ ಆ ಮಾಹಿತಿ ಯಾರದು ಅಂತ ಒಂದು ಸಾಲೂ ಇರಲಿಲ್ಲ. ತಪ್ಪು ನನ್ನದು, ಲೆಟರ್‌ಹೆಡ್ ನೋಡಿದೆ, ಒಳಗಿನದು ಓದಲಿಲ್ಲ.

ಹಾಗಾಗಿ ನಿಮ್ಮಲ್ಲಿ ಯಾರಿಗಾದರೂ ಇಂಥ ಪತ್ರ ಬಂದರೆ, ಸಹಿಗೆ ಮುಂಚೆ ಮಾಹಿತಿಯ ಒಂದು ಪ್ರತಿ ನಿಮ್ಮ ಸಂಸ್ಥೆಯಲ್ಲೇ ಇರುತ್ತಾ ಅಂತ ಕೇಳಿ. ಬಡ್ತಿ ಸಮಿತಿಯಲ್ಲಿ ನಿಮ್ಮ ಕಡೆಯವರೊಬ್ಬರು ಕೂರ್ತಾರಾ ಅಂತ ಕೇಳಿ. ನಿಮ್ಮ ವಿದ್ಯಾರ್ಥಿ ಆರು ತಿಂಗಳು ಅಲ್ಲಿಗೆ ಹೋದರೆ, ಅವರ ವಿದ್ಯಾರ್ಥಿ ಆರು ತಿಂಗಳು ಬಂದು ಹಳ್ಳಿ ಸುತ್ತೋಕೆ ತಯಾರಿದ್ದಾರಾ ಅಂತಲೂ. ಸಂಕೋಚ ಪಡಬೇಡಿ. ಕೇಳಿದ್ದಕ್ಕೆ ಹುದ್ದೆ ತಪ್ಪಿದರೆ, ಅದರಲ್ಲಿ ಹುದ್ದೆ ಇರಲೇ ಇಲ್ಲ.

ನನ್ನ ಮಾಹಿತಿ ಸಿಕ್ಕಿತಾ ಅಂತ ಕೇಳ್ತೀರಿ. ಐದು ತಿಂಗಳಾದ ಮೇಲೆ, ಅಲ್ಲಿನ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಅನುಮತಿಗಾಗಿ ಓಡಾಡಿ ಕಳಿಸಿಕೊಟ್ಟಳು. ಆ ಹುಡುಗಿ ಒಂದು ಬೇಸಿಗೆ ನಮ್ಮ ಜೊತೆ ಹಳ್ಳಿ ಸುತ್ತಿದ್ದಳು.

ಈಗ ಪ್ರಶ್ನೆಗಳಿದ್ದರೆ ಕೇಳಿ.